ಅಳೆದದ್ದು ಒಂದು, ಪಡೆದದ್ದು ಇನ್ನೊಂದು



ಕನ್ನಡ ಸಂಘದ ವೇದಿಕೆಯಲ್ಲಿ ಹಂದಿಸಾಕಣೆಯ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಪಂದಿಕರಿಯನ್ನು ಬಲ್ಲ ಕೊಡಗಿನವರು ಹಾಗೆ ಕೇಳಲಾರರು. ಉಳಿದವರೂ ಕೇಳಬೇಕಾದ ಪಾಠವೊಂದು ಇದರಲ್ಲಿದೆ.

ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ಹಂದಿಕೊಬ್ಬಿನ ಬೆಲೆ ಕುಸಿದು, ಕೊಬ್ಬಿಲ್ಲದ ಮಾಂಸಕ್ಕೆ ಬೇಡಿಕೆ ಹೆಚ್ಚಿತು. ಬೆನ್ನಿನ ಕೊಬ್ಬಿನ ದಪ್ಪದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗ ಅನುವಂಶಿಕವಾದುದರಿಂದ, ತೆಳುಗೊಬ್ಬಿನ ಪ್ರಾಣಿಗಳನ್ನೇ ಆರಿಸಿ ತಳಿ ಬೆಳೆಸುವುದು ಸುಲಭವಾಯಿತು. ಬೆಲ್ಜಿಯಂನ ಪಿಯೆಟ್ರೇನ್ ತಳಿಯ ತುಂಬಿದ ತೊಡೆಗಳು ಎಲ್ಲರ ಕಣ್ಣು ಸೆಳೆದವು.

ಆದರೆ ಇಂತಹ ಹಂದಿಗಳಲ್ಲಿ ಹಲವು ಸಾಗಣೆಯ ಲಾರಿಯಲ್ಲಿಯೇ, ಸೆಕೆಗೂ ನೂಕುನುಗ್ಗಲಿಗೂ ಮೈ ಸೆಟೆದು ಸತ್ತವು. ಉಳಿದವುಗಳ ಮಾಂಸ ಬಿಳಿಚಿ, ಮೆತ್ತಗಾಗಿ, ನೀರು ಬಿಡತೊಡಗಿತು. ವಧೆಯ ನಂತರ ಮಾಂಸದಲ್ಲಿ ಆಮ್ಲತೆ ನಿಧಾನವಾಗಿ ಏರಬೇಕು. ಇಲ್ಲಿ ಮೈ ಬಿಸಿಯಾಗಿರುವಾಗಲೇ ಏರಿ, ನೀರನ್ನು ಹಿಡಿದಿಡುವ ಪ್ರೋಟೀನುಗಳು ಕೆಡುತ್ತಿದ್ದವು.

1974ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಹ್ಯಾಲೊಥೇನ್ ಎಂಬ ಅರಿವಳಿಕೆಯನ್ನು ಮೂಸಿಸಿ ಇಂತಹ ಮರಿಗಳನ್ನು ಗುರುತಿಸುವ ಪರೀಕ್ಷೆಯನ್ನು ವರದಿ ಮಾಡಿದರು. ದೋಷದ ಎರಡು ಪ್ರತಿಗಳಿದ್ದ ಮರಿಯ ಕಾಲುಗಳು ಬಿಗಿಯುತ್ತಿದ್ದವು. ಒಂದೇ ಪ್ರತಿಯುಳ್ಳದ್ದು ಸಾಮಾನ್ಯವಾಗಿ ಸಿಕ್ಕಿಬೀಳುತ್ತಿರಲಿಲ್ಲ. 1991ರಲ್ಲಿ ಟೊರಾಂಟೊದ ಸಂಶೋಧಕರು ಮೂಲವನ್ನೇ ಕಂಡುಹಿಡಿದರು: ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಬಾಗಿಲಿನ ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅದೇ ವ್ಯತ್ಯಾಸ ಕೊಬ್ಬನ್ನು ತಗ್ಗಿಸಿ ಮಾಂಸವನ್ನು ಹೆಚ್ಚಿಸುತ್ತಿದ್ದುದರಿಂದ, ತೂಕಕ್ಕೆ ಮೆಚ್ಚಿ ಆರಿಸಿದವರು ತಿಳಿಯದೆಯೇ ರೋಗವನ್ನೂ ಆರಿಸಿದ್ದರು. ಬಳಿಕ ರಕ್ತದ ಹನಿಯೊಂದರಿಂದಲೇ ವಾಹಕಗಳನ್ನು ಗುರುತಿಸಿ, ದೋಷವನ್ನು ತಳಿಗಳಿಂದ ತೆಗೆಯುವುದು ಸಾಧ್ಯವಾಯಿತು.

ತಪ್ಪು ವಿಜ್ಞಾನದ್ದಲ್ಲ, ಅಳತೆಗೋಲಿನದು. ಸುಲಭವಾಗಿ ಅಳೆಯಬಹುದಾದುದಕ್ಕಷ್ಟೇ ಬೆಲೆ ಕಟ್ಟಿದಾಗ, ಅಳೆಯದೆ ಬಿಟ್ಟದ್ದರ ದಂಡವನ್ನು ಮೂಕಪ್ರಾಣಿ ಮೊದಲು ತೆರುತ್ತದೆ. ಸಾಕುವವನೂ ಉಣ್ಣುವವನೂ ಆಮೇಲೆ.

ನಮ್ಮ ದೇಶದಲ್ಲಿಯೂ ಯಾರ್ಕ್‌ಷೈರ್, ಲ್ಯಾಂಡ್ರೇಸ್ ತಳಿಗಳೊಡನೆ ನಾಡಹಂದಿಗಳ ಸಂಕರ ನಡೆದಿದೆ. ಬೆಳವಣಿಗೆಯ ವೇಗ ಬೇಕು, ನಿಜ. ಆದರೆ ಬಂಗಾಳದ ಘುಂಗ್ರು, ಮೇಘಾಲಯದ ನಿಯಾಂಗ್ ಮೇಘದಂತಹ ತಳಿಗಳು ಅಡುಗೆಮನೆಯ ಉಳಿಕೆಯನ್ನೂ ಸೊಪ್ಪನ್ನೂ ತಿಂದು ಬಡವನ ಹಿತ್ತಿಲಲ್ಲಿ ಬಾಳಬಲ್ಲವು. ಅವನ್ನು ತೂಕವೊಂದರಿಂದಲೇ ಅಳೆದು ಕಳೆದುಕೊಂಡರೆ, ಆ ಗುಣಗಳನ್ನು ಯಾವ ಪ್ರಯೋಗಶಾಲೆಯೂ ಮರಳಿ ಕೊಡಲಾರದು.

ಪರನಾಡಿನಲ್ಲಿ ನೆಲೆಸಿ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ದಿನವೂ ತೂಗುವ ನಮಗೆ ಈ ಮಾತು ಅಪರಿಚಿತವಲ್ಲ.