ಹೆಣಿಗೆಯ ಪುಸ್ತಕವನ್ನು ಓದುವ ಕ್ರಮ

ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯವನ್ನು ಬೋಧಿಸುವ ನಾವು ಹೆಣಿಗೆಯ ಪುಸ್ತಕದ ಒಂದು ವಾಕ್ಯಕ್ಕೆ ಸೋತೆವೆಂದರೆ ಶ್ರೋತೃಗಳು ನಗಬಹುದು. ಓದಲು ಸಿಮ್ಲಾಕ್ಕೆ ಹೊರಟಿದ್ದ ಮಗನಿಗಾಗಿ ನಮ್ಮ ಮನೆಯವರು ಉಣ್ಣೆಯ ಸ್ವೆಟರೊಂದನ್ನು ಹೆಣೆಯುತ್ತಿದ್ದರು; ಇಂಗ್ಲಿಷ್ ಪುಸ್ತಕಕ್ಕೆ ಅರ್ಥ ಹೇಳುವ ಭಾರ ನಮ್ಮದಾಗಿತ್ತು.

ಎದೆಯ ಭಾಗವನ್ನು ಕೊರಳಿಗಾಗಿ ಎರಡಾಗಿ ಹಂಚಿದ ಮೇಲೆ ಒಂದೊಂದು ಪಕ್ಕಕ್ಕೆ 40 ಕುಣಿಕೆಗಳು. ತೋಳಿನ ಅಂಚಿನಲ್ಲಿ ಮೊದಲ ಸಾಲಿನಿಂದ ಸಾಲು ಬಿಟ್ಟು ಸಾಲಿಗೆ ಒಂದೊಂದರಂತೆ 6 ಕುಣಿಕೆ ಕಡಮೆ ಮಾಡತಕ್ಕದ್ದು. 'ಅದೇ ಕಾಲದಲ್ಲಿ' ಕೊರಳಿನ ಅಂಚಿನಲ್ಲಿ ಮೊದಲ ಸಾಲಿಗೆ ಒಂದು, ಅನಂತರ ನಾಲ್ಕು ಸಾಲಿಗೊಂದರಂತೆ ಇನ್ನೂ 9. ನಾವು ನಡುವಣ ವಿರಾಮಚಿಹ್ನೆಯಲ್ಲಿ ನಿಂತು, ತೋಳಿನ ಕೆಲಸ ಮುಗಿಯಲಿ, ಕೊರಳು ಆಮೇಲೆ ಎಂದುಬಿಟ್ಟೆವು. ವಾಕ್ಯದಲ್ಲಿ ಒಂದರ ಹಿಂದೊಂದು ಬರುವುದು ಬಟ್ಟೆಯಲ್ಲಿ ಒಟ್ಟಿಗೆ ಬೆಳೆಯುತ್ತದೆಂಬುದು ಹೊಳೆಯಲಿಲ್ಲ. 37ನೆಯ ಸಾಲಿಗೆ ಮುಗಿಯಬೇಕಾಗಿದ್ದ ಕೊರಳು 49ಕ್ಕೆ ಮುಗಿಯಿತು. ಮುಂಭಾಗ ಹಿಂಭಾಗಕ್ಕಿಂತ 12 ಸಾಲು ಉದ್ದ! ಹೆಗಲಿಗೆ ಉಳಿಯಬೇಕಾದ 24 ಕುಣಿಕೆಗಳು ಮಾತ್ರ ಸರಿಯಾಗಿಯೇ ಉಳಿದಿದ್ದುವು. ಆದುದರಿಂದ ತಪ್ಪು ಬೇಗ ಕಾಣಲಿಲ್ಲ.

ಅವರು ಮಾತನಾಡದೆ ಮೂರು ರಾತ್ರಿಯ ಕೆಲಸವನ್ನು ಬಿಚ್ಚಿದರು. ಬಳಿಕ ಮಗನ ಲೆಕ್ಕದ ಪುಸ್ತಕದಿಂದ ಚೌಕದ ಹಾಳೆಯೊಂದನ್ನು ತೆಗೆದು, 1ರಿಂದ 37ರವರೆಗೆ ಸಾಲುಗಳನ್ನು ಬರೆದು, ತೋಳಿಗೆ ಎಡಗಡೆ, ಕೊರಳಿಗೆ ಬಲಗಡೆ ಗುರುತಿಟ್ಟರು. 1, 5, 9ರಲ್ಲಿ ಎರಡು ಕಡೆಯೂ ಗುರುತು. 3, 7, 11ರಲ್ಲಿ ತೋಳಿಗಷ್ಟೆ. 13ರಿಂದ ಮುಂದೆ ನಾಲ್ಕಕ್ಕೊಂದರಂತೆ ಕೊರಳಿಗೆ ಮಾತ್ರ. ಇನ್ನೊಂದು ಪಕ್ಕಕ್ಕೆ ಪುಸ್ತಕವು 'ಅಂಚುಗಳನ್ನು ಅದಲುಬದಲು ಮಾಡಿರಿ' ಎಂದಷ್ಟೇ ಹೇಳಿ ಕೈಬಿಟ್ಟಿತ್ತು. ಹಾಳೆಯನ್ನು ದೀಪಕ್ಕೆ ಹಿಡಿದು ಹಿಂದಿನಿಂದ ನೋಡಿದರು, ಅದೂ ತಿಳಿಯಿತು. ಈ ಸಲ ನಮ್ಮನ್ನು ಯಾರೂ ಅರ್ಥ ಕೇಳಲಿಲ್ಲ. ಬಿಚ್ಚಿದ ಉಣ್ಣೆಯನ್ನು ಉಂಡೆ ಸುತ್ತುವ ಕೆಲಸ ನಮಗೆ ಬಂತು.