ಭಯದ ಕೂಲಿ
(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಸಿನಿಮಾ ನೋಡುತ್ತ ಉಸಿರು ಬಿಗಿಹಿಡಿದು ಕುಳಿತ ಅನುಭವ ನಮ್ಮೆಲ್ಲರಿಗೂ ಉಂಟು. ತೆರೆಯ ಮೇಲಿರುವುದು ಬರಿಯ ನೆರಳು, ಬೆಳಕು. ಆದರೂ ಎದೆ ಹೊಡೆದುಕೊಳ್ಳುತ್ತದೆ. ಏಕೆ? ಮಗ್ಗದ ಮರ್ಮ ಬಲ್ಲ ನಾವು ಕ್ಯಾಮೆರಾದ ಮರ್ಮವನ್ನೂ ತಿಳಿಯಬೇಕು. ಅದೂ ಒಂದು ಯಂತ್ರವೇ.

ಫ್ರಾನ್ಸಿನ ನಿರ್ದೇಶಕ ಕ್ಲೂಜೋ 1953ರಲ್ಲಿ ಒಂದು ಚಿತ್ರ ತೆಗೆದರು. ಅದರ ಹೆಸರನ್ನು ನಮ್ಮ ಮಾತಿನಲ್ಲಿ 'ಭಯದ ಕೂಲಿ' ಎನ್ನಬಹುದು. ದಕ್ಷಿಣ ಅಮೆರಿಕದ ಒಂದು ಬಡ ಊರು. ಅಲ್ಲಿ ಕೆಲಸವಿಲ್ಲದೆ, ಊರು ಬಿಡಲು ಕಾಸೂ ಇಲ್ಲದೆ ಕೊಳೆಯುತ್ತಿರುವ ಪರದೇಶಿಗಳು. 300 ಮೈಲಿ ದೂರದಲ್ಲಿ ಅಮೆರಿಕನ್ ಕಂಪನಿಯ ಎಣ್ಣೆಬಾವಿಗೆ ಬೆಂಕಿ ಬಿದ್ದಿದೆ. ಅದನ್ನು ಆರಿಸಲು ನೈಟ್ರೊಗ್ಲಿಸರಿನ್ ಬೇಕು; ಜೋರಾಗಿ ಅಲುಗಿದರೆ ಸಿಡಿಯುವ ದ್ರವ. ಎರಡು ಲಾರಿ, ನಾಲ್ಕು ಜನ, ತಲೆಗೆ 2000 ಡಾಲರು. ಕಂಪನಿ ಇವರನ್ನೇ ಏಕೆ ಆರಿಸಿತು? ಇವರಿಗೆ ಸಂಘವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಸತ್ತರೆ ಪರಿಹಾರ ಕೇಳುವವರಿಲ್ಲ.

ಈಗ ಕ್ಯಾಮೆರಾದ ಕೆಲಸ ನೋಡಿ. ಮೊದಲಿಗೇ ಆ ದ್ರವದ ಒಂದೇ ಒಂದು ಹನಿ ಸಿಡಿಯುವುದನ್ನು ತೋರಿಸಿಬಿಡುತ್ತದೆ. ಅಲ್ಲಿಂದ ಮುಂದೆ ದಾರಿಯ ಪ್ರತಿಯೊಂದು ಕಲ್ಲೂ ನಮಗೆ ಯಮನಾಗಿ ಕಾಣುತ್ತದೆ. ಹಿಚ್‌ಕಾಕ್ ಹೇಳುತ್ತಿದ್ದುದೂ ಇದನ್ನೇ: ಮೇಜಿನ ಕೆಳಗಿನ ಬಾಂಬು ಹಠಾತ್ತನೆ ಸಿಡಿದರೆ ಕ್ಷಣದ ಬೆಚ್ಚು, ಅದು ಅಲ್ಲಿದೆಯೆಂದು ಮೊದಲೇ ತಿಳಿದಿದ್ದರೆ ಸಿಡಿಯುವವರೆಗೂ ಸಂಕಟ. ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಲ್ಲುವುದಕ್ಕಿಂತ, ಬರುತ್ತಾನೆಂದು ಕಾಯುವುದು ಕಷ್ಟವೆಂದು ಅಂಗಡಿಯವರಿಗೆ ಗೊತ್ತೇ ಇದೆ.

ಘಟ್ಟದ ಒಂದು ತಿರುವಿನಲ್ಲಿ ಲಾರಿಯನ್ನು ಕೊಳೆತ ಹಲಗೆಗಳ ಅಟ್ಟಣೆಯ ಮೇಲೆ ಹಿಂದಕ್ಕೆ ಹೊಡೆಯಬೇಕು. ದೂರದ ಚಿತ್ರ ಪ್ರಪಾತವನ್ನು ತೋರಿಸುತ್ತದೆ. ಹತ್ತಿರದ ಚಿತ್ರ ಹಲಗೆಯ ಮೇಲೆ ಜಾರುವ ಚಕ್ರವನ್ನು ತೋರಿಸುತ್ತದೆ. ಮತ್ತೆ ಬೆವರಿದ ಮುಖ, ಮತ್ತೆ ಚಕ್ರ. ಒಂದೊಂದು ಗೇಣೂ ಒಂದು ಮೈಲಿಯಾಗುತ್ತದೆ.

ಕೊನೆಗೆ ಮುಂದಿನ ಲಾರಿ ಸಿಡಿಯುತ್ತದೆ. ಆದರೆ ಅದು ಸಿಡಿಯುವುದನ್ನು ನಾವು ಹತ್ತಿರದಿಂದ ನೋಡುವುದೇ ಇಲ್ಲ. ಹಿಂದಿನ ಲಾರಿಯಲ್ಲಿ ಒಬ್ಬ ಸಿಗರೇಟು ಸುತ್ತುತ್ತಿದ್ದಾನೆ. ಕಾಗದದ ಮೇಲಿನ ಹೊಗೆಸೊಪ್ಪು ತಟ್ಟನೆ ಹಾರಿಹೋಗುತ್ತದೆ. ಇಬ್ಬರ ಪ್ರಾಣ ಹೋಯಿತೆಂದು ತಿಳಿಯಲು ಅಷ್ಟೇ ಸಾಕು.

ಇದೇ ಕೈಚಳಕದಿಂದ ದೆವ್ವವನ್ನು ತೋರಿಸಿಯೂ ಹೆದರಿಸಬಹುದು. ದೀಪ ಹತ್ತಿದೊಡನೆ ಆ ಭಯ ಮರೆತುಹೋಗುತ್ತದೆ. ಕ್ಲೂಜೋ ಹುಟ್ಟಿಸಿದ ಭಯ ಹಾಗಲ್ಲ. ಓಡುವ ಪಟ್ಟಿಯ ಪಕ್ಕದಲ್ಲಿ ದಿನವೂ ಕೈಯಾಡಿಸುವ ನಮಗೆ ಅದು ಪರಿಚಯದ್ದು. ಆ ಭಯಕ್ಕೆ ಬೆಲೆ ಕಟ್ಟಿದವನು ಯಾರು, ಅದರಿಂದ ಲಾಭ ಪಡೆದವನು ಯಾರು ಎಂದು ಚಿತ್ರ ಮುಚ್ಚುಮರೆಯಿಲ್ಲದೆ ಹೇಳುತ್ತದೆ. 1953ರಲ್ಲಿಯೇ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಪಡೆದ ಈ ಚಿತ್ರಕ್ಕೆ 1955ರಲ್ಲಿ ಅಮೆರಿಕದ ಬಿಡುಗಡೆಯ ಹೊತ್ತಿಗೆ ಕತ್ತರಿ ಬಿತ್ತು. ಕತ್ತರಿಸಿದ್ದರಲ್ಲಿ ಕಂಪನಿಯನ್ನು ಟೀಕಿಸುವ ಭಾಗಗಳೂ ಇದ್ದವು.

ಆದುದರಿಂದ ಬಂಧುಗಳೆ, ಇನ್ನು ಮುಂದೆ ಚಿತ್ರ ನೋಡುವಾಗ ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಜೊತೆಗೆ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಕ್ಯಾಮೆರಾ ಯಾರ ಮುಖವನ್ನು ಹತ್ತಿರದಿಂದ ತೋರಿಸುತ್ತಿದೆ? ಯಾರನ್ನು ತೆರೆಯ ಆಚೆಗೆ ಉಳಿಸಿದೆ?