ಹಳೇ ಫೋನಿನಲ್ಲಿ ಅವ್ವನ ದನಿ

(ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ "ಮನೆಯೊಳಗಿನ ತಂತ್ರಜ್ಞಾನ". ನನಗಿಂತ ಮೊದಲು ಮಾತಾಡಿದವರೆಲ್ಲ ಹೊಸ ಹೊಸ ಸಂಗತಿ ಹೇಳಿದರು. ನಾನು ಮಾತ್ರ ಹತ್ತು ವರ್ಷ ಹಿಂದಿನ ಒಂದು ಫೋನಿನ ಕತೆ ಹೇಳುತ್ತೇನೆ. ಅದನ್ನು ಇಲ್ಲಿಗೆ ತಂದಿದ್ದೇನೆ, ನೋಡಿ. ಸೋನಿ ಎಕ್ಸ್‌ಪೀರಿಯಾ. ನಮ್ಮ ಮನೆಯವರು ಹೊಸ ಫೋನ್ ಕೊಂಡಾಗ ಇದು ನನ್ನ ಪಾಲಿಗೆ ಬಂತು. ಹೊಸದು ಗಂಡನಿಗೆ, ಹಳೇದು ಹೆಂಡತಿಗೆ. ಇದು ನಮ್ಮೆಲ್ಲರ ಮನೆಯ ಕಾಯಿದೆ ಅಲ್ಲವೇ? ನೀವು ನಗುತ್ತಿದ್ದೀರಿ ಅಂದರೆ ನಿಮ್ಮಲ್ಲೂ ಹಾಗೇ ಅಂತಾಯಿತು.

ಅದು 2015ರ ಬೇಸಿಗೆ. ನಾನು ಇಲ್ಲೇ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ತರಗತಿಗೆ ಫೋನ್ ಒಯ್ಯುವಂತಿರಲಿಲ್ಲ. ಬೆಳಿಗ್ಗೆ ಸ್ಟಾಫ್ ರೂಮಿನ ಕಪಾಟಿನಲ್ಲಿ ಇಟ್ಟರೆ ಮತ್ತೆ ಕೈಗೆ ಸಿಗುವುದು ಮಧ್ಯಾಹ್ನದ ಮೇಲೆಯೇ. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅವ್ವ ಒಬ್ಬಳೇ ಇದ್ದಳು. ಅವಳ ಕೈಯಲ್ಲಿ ಬಟನ್ ಫೋನ್. ಓದು ಬರಹ ಇಲ್ಲ. ನನ್ನ ನಂಬರು ಹಚ್ಚುವುದನ್ನು ಪಕ್ಕದ ಮನೆಯ ಹುಡುಗ ಕಲಿಸಿಕೊಟ್ಟಿದ್ದ. ನಾನು ಎತ್ತದಿದ್ದಾಗ ಗುಜರಾತಿ, ಹಿಂದಿಯಲ್ಲಿ ಒಂದು ಧ್ವನಿ ಬರುತ್ತದಲ್ಲ, ಅದನ್ನು ಕೇಳಿ ಅವ್ವ ಗಾಬರಿಯಾಗುತ್ತಿದ್ದಳು. "ಯಾವಕಿನೋ ನಿನ್ನ ಫೋನ್ ಎತ್ತಿ ಬಯ್ದಂಗ ಮಾತಾಡ್ತಾಳವಾ. ನಿನಗೇನರ ಆತೇನೋ ಅಂತ ಎದಿ ಧಸಕ್ ಅಂತು," ಎನ್ನುತ್ತಿದ್ದಳು.

ಆಗ ಈ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಸೌಲಭ್ಯ ಕಣ್ಣಿಗೆ ಬಿತ್ತು: ಆನ್ಸರಿಂಗ್ ಮಷಿನ್. ನಾವು ಎತ್ತದಿದ್ದರೆ ಇಷ್ಟು ಸೆಕೆಂಡ್ ಆದ ಮೇಲೆ ಫೋನ್ ತಾನೇ ಕರೆ ತೆಗೆದುಕೊಳ್ಳುತ್ತದೆ. ನಾವು ಮೊದಲೇ ರೆಕಾರ್ಡ್ ಮಾಡಿಟ್ಟ ಮಾತನ್ನು ಕೇಳಿಸುತ್ತದೆ. ಆಮೇಲೆ ಆ ಕಡೆಯವರು ಹೇಳಿದ್ದನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ. ನಮ್ಮ ಮಾತು ರೆಕಾರ್ಡ್ ಮಾಡದೆ ಅದು ಚಾಲೂ ಆಗುವುದೇ ಇಲ್ಲ.

ಇದೇನು ಹೊಸ ಸೋಜಿಗವಲ್ಲ. ಫೋನಿನಲ್ಲಿ ಬಂದ ಮಾತನ್ನು ಹಿಡಿದಿಡಬೇಕು ಎಂದು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಧ್ವನಿ ಮೂಡಿಸುವ ಯಂತ್ರ ಮಾಡಿದ್ದರು. ಅಮೆರಿಕದ ಮನೆಗಳಲ್ಲಿ ಕ್ಯಾಸೆಟ್ ಹಾಕಿದ ಪೆಟ್ಟಿಗೆ ಫೋನಿನ ಪಕ್ಕ ಕೂತಿರುವುದನ್ನು ನಾವು ಸಿನಿಮಾಗಳಲ್ಲಿ ನೋಡಿದ್ದೇವೆ. ನಮ್ಮಲ್ಲಿ ಅದು ಬೇರೂರಲಿಲ್ಲ. ಫೋನ್ ಇದ್ದ ಮನೆಯಲ್ಲಿ ಎತ್ತುವುದಕ್ಕೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಮೊಬೈಲ್ ಬಂದ ಮೇಲೆ ಮಿಸ್ಡ್ ಕಾಲ್ ಬಂತು. ದುಡ್ಡಿಲ್ಲದೆ ಕೆಲಸ ಆಗುವಾಗ ಯಂತ್ರ ಯಾರಿಗೆ ಬೇಕು? ಆದರೂ ನೋಕಿಯಾದ ಸಿಂಬಿಯನ್ ಫೋನುಗಳ ಕಾಲದಲ್ಲಿ ಈ ಕೆಲಸದ ಸಾಫ್ಟ್‌ವೇರ್ ಮಾಡಿ ಮಾರುವವರಿದ್ದರು. ಎಕ್ಸ್‌ಪೀರಿಯಾದಲ್ಲಿ ಕಂಪನಿಯೇ ಅದನ್ನು ಒಳಗೆ ಇಟ್ಟಿತ್ತು.

ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದೆ. "ಅವ್ವಾ, ನಾ ಆರಾಮ ಅದೀನಿ. ಸಾಲ್ಯಾಗ ಅದೀನಿ. ಸಂಜೀಕ ಫೋನ್ ಮಾಡ್ತೀನಿ. ಏನರ ಹೇಳೂದಿದ್ರ ಈಗ ಹೇಳು." ಬ್ಯಾಂಕಿನವರು, ಹಾಲಿನವರು, ಶಾಲೆಯ ಪಾಲಕರು, ಯಾರು ಫೋನ್ ಮಾಡಿದರೂ ಇದನ್ನೇ ಕೇಳಬೇಕಾಯಿತು. ಒಬ್ಬ ಗುಜರಾತಿ ಪಾಲಕರು ಬಂದು "ಟೀಚರ್, ನಿಮ್ಮ ಫೋನ್ ಯಾವ ಭಾಷೆ ಮಾತಾಡುತ್ತದೆ?" ಎಂದು ಕೇಳಿದ್ದೂ ಉಂಟು.

ಅವ್ವನ ಮೊದಲ ಸಂದೇಶ ಈಗಲೂ ನಗು ತರಿಸುತ್ತದೆ. ಅವಳು ಅದರ ಜೊತೆ ಮಾತಿಗೇ ಇಳಿದುಬಿಟ್ಟಿದ್ದಳು. "ಹೂಂ, ನಾನೂ ಆರಾಮ ಅದೀನಿ. ಹುಡುಗ್ರು ಹೆಂಗದಾರ?" ಸ್ವಲ್ಪ ಹೊತ್ತು ಸುಮ್ಮನೆ. "ಯಾಕ, ಮಾತಾಡವಲ್ಲಿ? ಸಿಟ್ಟಾಗೀಯೇನು?" ಮತ್ತೆ ಸುಮ್ಮನೆ. ಕೊನೆಗೆ, "ರೊಕ್ಕ ಹೊಂಟೈತಿ, ಇಡ್ತೀನಿ." ಮಿಸ್ಡ್ ಕಾಲ್‌ಗೆ ದುಡ್ಡಿಲ್ಲ, ಯಂತ್ರ ಎತ್ತಿದರೆ ಎತ್ತಿದ ಹಾಗೇ ಲೆಕ್ಕ. ಅದು ಅವಳಿಗೆ ಬೇಗ ಗೊತ್ತಾಯಿತು. ಯಂತ್ರ ಅಂದರೆ ಏನೆಂದು ನಾನು ತಿಳಿಸಿ ಹೇಳಿದೆ. ಅದಕ್ಕೆ ಅವಳೊಂದು ಮಾತು ಹೇಳಿದಳು. ಅದನ್ನು ನಿಮಗೆ ಹೇಳಲೇಬೇಕು.

ನಮ್ಮ ಬಡಾವಣೆಗೆ ಸ್ಯಾಟಲೈಟ್ ಎಂಬ ಹೆಸರು ಬಂದದ್ದೇ ಇಲ್ಲಿಯ ಇಸ್ರೋ ಕೇಂದ್ರದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಹಮದಾಬಾದಿನ ಭೂಕೇಂದ್ರದಿಂದ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಹೋಗುತ್ತಿತ್ತು. ಸೈಟ್ ಎಂದು ಕರೆಯುತ್ತಿದ್ದ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿದ್ದವು. ಕರ್ನಾಟಕದ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಅವಕ್ಕೆ ಕನ್ನಡದಲ್ಲೇ ಕಾರ್ಯಕ್ರಮ. ಅವ್ವ ಮದುವೆಯಾಗಿ ಬಂದ ಹೊಸದು. ಪಕ್ಕದೂರಿನ ಸಾಲಿಯ ಮುಂದೆ ಕೂತು ಆ ಟಿವಿ ನೋಡಿದ್ದಳಂತೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಆ ಸುದ್ದಿ ಮೊದಲ ಬಾರಿ ಹೇಳಿದ್ದಳು. ಈಗ ಆನ್ಸರಿಂಗ್ ಮಷಿನ್ ವಿಷಯ ಕೇಳಿ, "ಆಗ ನಿಮ್ಮೂರು ಮಾತಾಡತಿತ್ತು, ನಾವು ಕುಂತು ಕೇಳತಿದ್ವಿ. ಈಗ ನಾ ಮಾತಾಡ್ತೀನಿ, ನಿಮ್ಮೂರು ಕೇಳಲಿ," ಎಂದಳು.

ಅವ್ವ ಮಾತಾಡಿದಳು. ನಿಮ್ಮೂರು ಕೇಳಲಿಲ್ಲ. ನಾನು ಕೇಳಲಿಲ್ಲ.

ಆದದ್ದು ಇಷ್ಟೇ. ಮಧ್ಯಾಹ್ನ ಫೋನ್ ತೆಗೆದರೆ ಅವ್ವನ ಕರೆ ಬಂದದ್ದು ಕಾಣುತ್ತಿತ್ತು. ಮಾತೇ ಆಡಬಹುದಲ್ಲ, ರೆಕಾರ್ಡ್ ಯಾಕೆ ಕೇಳಬೇಕು ಎಂದು ಸಂಜೆ ನೇರ ಫೋನ್ ಮಾಡುತ್ತಿದ್ದೆ. "ಏನವ್ವಾ, ಫೋನ್ ಮಾಡಿದ್ದಿ?" "ಏನಿಲ್ಲ, ಸುಮ್ನ ಮಾಡಿದ್ದೆ." ಮಕ್ಕಳ ಮಾತು, ಮಳೆಯ ಮಾತು, ಉಂಡೆಯಾ ಅಂದರೆ ಉಂಡೆ. ಅಲ್ಲಿಗೆ ಮುಗಿಯುತ್ತಿತ್ತು. ಅವಳ ಕರೆ ಯಾವಾಗಲೂ ಹನ್ನೊಂದು ಗಂಟೆಗೇ ಬರುತ್ತದೆ, ಆ ಹೊತ್ತಿಗೆ ನಾನು ತರಗತಿಯಲ್ಲಿರುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಗಣಿತದ ಟೀಚರಾದ ನನಗೆ ಈ ಲೆಕ್ಕ ಹೊಳೆಯಲಿಲ್ಲ.

ದೀಪಾವಳಿ ರಜೆ ಬಂತು. ಫೋನಿನ ಮೆಮೊರಿ ತುಂಬಿದೆ ಎಂದು ಸೂಚನೆ ಬಂತು. ಬೇಡದ್ದನ್ನೆಲ್ಲ ಅಳಿಸೋಣ ಎಂದು ಕೂತೆ. ಆನ್ಸರಿಂಗ್ ಮಷಿನ್ ತೆರೆದರೆ ಅವ್ವನವೇ ಇಪ್ಪತ್ತೇಳು ಸಂದೇಶ. ಅಳಿಸುವ ಮುಂಚೆ ಒಂದು ಕೇಳೋಣ ಎಂದು ಒತ್ತಿದೆ.

ಜೂನ್ ತಿಂಗಳದು: "ಸೂಜ್ಯಾಗ ದಾರಾ ಹೋಗವಲ್ದು. ವಯಸ್ಸಾತು." ಜುಲೈಯದು: "ದೀಪದ ಸುತ್ತ ಬಣ್ಣಬಣ್ಣದ ಬಳಿ ಕಾಣಿಸ್ತೈತಿ, ಚಂದ ಕಾಣತೈತಿ." ಪಂಚಮಿಯ ದಿನದ್ದು: "ರಂಗೋಲಿ ಹಾಕಿದ್ನಿ, ಚುಕ್ಕಿ ಕೂಡಲೇ ಇಲ್ಲ. ಎಡಗಡಿಂದು ಎಲ್ಲಾ ಹಾರಿ ಹೋಗಿದ್ದುವಂತ, ಹುಡುಗ್ರು ನಕ್ಕರು." ಅಕ್ಕತಂಗಿಯರೇ, ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಗುಜರಾತಿನ ನಾಗಪಂಚಮಿ ನಮ್ಮದಾದ ಹದಿನೈದು ದಿನಕ್ಕೆ ಬರುತ್ತದೆ, ನಮ್ಮ ಪಂಚಮಿಗೆ ಇಲ್ಲಿ ರಜೆ ಇಲ್ಲ. ನಾನು ಹೋಗಿರಲಿಲ್ಲ. ಹೋಗಿದ್ದರೆ ಆ ರಂಗೋಲಿ ನೋಡುತ್ತಿದ್ದೆ. ಸೆಪ್ಟೆಂಬರಿನಲ್ಲಿ ಎಡಗಡೆ ಬಾಗಿಲಿಗೆ ಎರಡು ಸಲ ಬಡಿದುಕೊಂಡದ್ದು. ಅಕ್ಟೋಬರಿನಲ್ಲಿ ಒಂದು ರಾತ್ರಿ ಕಣ್ಣು ಸಿಡಿದು ವಾಂತಿಯಾದದ್ದು.

ಅದೇ ತಿಂಗಳ ಇನ್ನೊಂದು ಸಂದೇಶದಲ್ಲಿ ಅವಳು ದನಿ ತಗ್ಗಿಸಿದ್ದಳು. "ಇದನ್ನ ನಿನ್ನ ಮುಂದ ಹೇಳಿದ್ರ ನೀ ಸಾಲಿ ಬಿಟ್ಟು ಓಡಿ ಬರ್ತಿ. ಅದಕ್ಕ ಇದರ ಮುಂದ ಹೇಳ್ತೀನಿ. ನಿನಗ ಪುರಸೊತ್ತಾದಾಗ ಕೇಳು."

ಮರುದಿನವೇ ಹೊರಟೆ. ಕಣ್ಣಿನ ಡಾಕ್ಟರು ನೋಡಿ ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡದಿಂದ ನರಕ್ಕೆ ಪೆಟ್ಟು ಬೀಳುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು. "ಯಾವಾಗಿನಿಂದ ಹೀಗಿದೆ?" ಎಂದು ಅವರು ಕೇಳಿದರು. ಅವ್ವ ನೆನಪಿಲ್ಲ ಎಂದಳು. ನನ್ನ ಬಳಿ ತಾರೀಖು ಸಮೇತ ಇತ್ತು. ಒಂದೊಂದೇ ಓದಿ ಹೇಳಿದೆ. ಡಾಕ್ಟರು ಬರೆದುಕೊಂಡರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಎಡಗಣ್ಣು ಬಹುಪಾಲು ಹೋಗಿತ್ತು. ಬಲಗಣ್ಣು ಚಿಕಿತ್ಸೆ ಮತ್ತು ಹನಿಯ ಔಷಧಿಯಿಂದ ಉಳಿಯಿತು. ಈಗ ಅವ್ವ ನಮ್ಮ ಜೊತೆಗೇ ಇದ್ದಾಳೆ. ಆ ಒಂದೇ ಕಣ್ಣಿನಿಂದ ನಮ್ಮ ಸೊಸೈಟಿಯ ಗೇಟಿನಲ್ಲಿ ಯಾರು ಬಂದರು, ಯಾರು ಹೋದರು ಎಲ್ಲ ನೋಡುತ್ತಾಳೆ.

ಈ ಕತೆಯನ್ನು ನಿಮ್ಮ ಕಣ್ಣಲ್ಲಿ ನೀರು ತರಿಸಲಿಕ್ಕೆ ಹೇಳಲಿಲ್ಲ. ನಾಲ್ಕು ಕೆಲಸದ ಮಾತಿಗಾಗಿ ಹೇಳಿದೆ.

ಮೊದಲನೆಯದು. ಈ ಸೌಲಭ್ಯ ಬೇಕೆಂದು ಯಾವ ಯಾವುದೋ ಆ್ಯಪ್ ಹಾಕಿಕೊಳ್ಳಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಕರೆಯ ದನಿ ಹೋಗುವ ದಾರಿ ಹೊರಗಿನ ಆ್ಯಪ್‌ಗಳಿಗೆ ತೆರೆದಿಲ್ಲ. ಅಡ್ಡದಾರಿಯಿಂದ ಕರೆ ರೆಕಾರ್ಡ್ ಮಾಡುತ್ತಿದ್ದ ಆ್ಯಪ್‌ಗಳಿಗೂ ಗೂಗಲ್ 2022ರ ಮೇ ತಿಂಗಳಿನಿಂದ ತನ್ನ ಪ್ಲೇ ಸ್ಟೋರ್‌ನಲ್ಲಿ ತಡೆ ಹಾಕಿದೆ. ಫೋನ್ ಮಾಡಿದ ಕಂಪನಿಯೇ ಕೊಟ್ಟಿದ್ದರೆ ಮಾತ್ರ ಅದು ಸರಿಯಾಗಿ ನಡೆಯುತ್ತದೆ. ನಿಮ್ಮ ಡ್ರಾಯರಿನಲ್ಲಿ ಮಲಗಿರುವ ಹಳೇ ಫೋನಿನ ಕಾಲ್ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ. ಇದ್ದರೆ ಅದಕ್ಕೊಂದು ಸಿಮ್ ಹಾಕಿ, ಹೊಸ ಫೋನಿನ ಕಾಲ್ ಫಾರ್ವರ್ಡಿಂಗ್‌ನಲ್ಲಿ "ಉತ್ತರಿಸದಿದ್ದಾಗ" ಎಂಬಲ್ಲಿ ಆ ನಂಬರು ಕೊಡಿ. ನಾನು ಹೊಸ ಫೋನ್ ಕೊಂಡ ಮೇಲೂ ಹಾಗೇ ಮಾಡಿದ್ದೆ. ಆದರೆ ಹಳೇ ಫೋನನ್ನು ಹಗಲೂ ರಾತ್ರಿ ಚಾರ್ಜಿಗೆ ಹಾಕಿಡಬೇಡಿ. ಬೆನ್ನು ಉಬ್ಬಿದರೆ ಬ್ಯಾಟರಿ ಕೆಟ್ಟಿದೆ ಎಂದೇ ಅರ್ಥ, ಕೂಡಲೇ ನಿಲ್ಲಿಸಿ.

ಎರಡನೆಯದು. ಫಾರ್ವರ್ಡಿಂಗ್ ಎಂಬುದು ನಿಮ್ಮ ಕೈಯಲ್ಲೇ ಇರಬೇಕು. ಕೊರಿಯರ್‌ನವರು, ಕಂಪನಿಯವರು ಎಂದು ಹೇಳಿಕೊಂಡು ಯಾರಾದರೂ "ಸ್ಟಾರ್ 401 ಹ್ಯಾಶ್ ಒತ್ತಿ, ಮುಂದೆ ಈ ನಂಬರು ಹಾಕಿ" ಎಂದರೆ ಒತ್ತಬೇಡಿ. ನಿಮ್ಮ ಕರೆಗಳು, ಕರೆಯಲ್ಲಿ ಬರುವ ಓಟಿಪಿ ಎಲ್ಲ ಅವರ ಪಾಲಾಗುತ್ತವೆ. ಈ ಮೋಸದ ಕಾರಣಕ್ಕೇ ದೂರಸಂಪರ್ಕ ಇಲಾಖೆ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಆ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಹೇಳಿತು.

ಮೂರನೆಯದು. ಈಗ ವಾಟ್ಸಾಪ್ ವಾಯ್ಸ್ ಮೆಸೇಜ್ ಇದೆಯಲ್ಲ ಎನ್ನುತ್ತೀರಿ. ಇದೆ, 2013ರಿಂದಲೂ ಇದೆ. ಆದರೆ ಅದಕ್ಕೆ ಆ ಕಡೆಯೂ ಸ್ಮಾರ್ಟ್‌ಫೋನ್ ಬೇಕು, ಬಳಸಲು ಬರಬೇಕು. ಆನ್ಸರಿಂಗ್ ಮಷಿನ್‌ಗೆ ಆ ಕಡೆ ಏನೂ ಬೇಡ. ಬಟನ್ ಫೋನ್ ಸಾಕು, ನಂಬರು ಹಚ್ಚಲು ಬಂದರೆ ಸಾಕು. ಊರಿನಲ್ಲಿರುವ ಎಷ್ಟೋ ಅವ್ವಂದಿರಿಗೆ ಇವತ್ತೂ ಅಷ್ಟೇ ಬರುತ್ತದೆ. ಹಾಗಾಗಿ ನೀವು ಹೇಳಿಡುವ ಮಾತು ಅವರ ಭಾಷೆಯಲ್ಲಿರಲಿ. "ಆರಾಮ ಇದ್ದೇನೆ" ಎಂಬುದು ಮೊದಲು ಬರಲಿ, ಯಾವಾಗ ಮತ್ತೆ ಫೋನ್ ಮಾಡುತ್ತೀರಿ ಎಂಬುದು ಆಮೇಲೆ.

ನಾಲ್ಕನೆಯದು, ನನಗೆ ದುಬಾರಿ ಬಿದ್ದದ್ದು. ಮತ್ತೆ ಫೋನ್ ಮಾಡುವ ಮೊದಲು, ಬಿಟ್ಟುಹೋದ ಮಾತನ್ನು ಕೇಳಿ. ಎದುರಿಗಿದ್ದವರ ಮುಂದೆ ಹೇಳಲಾಗದ್ದನ್ನೇ ಜನ ಅಲ್ಲಿ ಹೇಳಿರುತ್ತಾರೆ. "ಏನಿಲ್ಲ, ಸುಮ್ನ ಮಾಡಿದ್ದೆ" ಎಂಬ ಮಾತನ್ನು ನಂಬಬೇಡಿ. ನಾವೂ ನಮ್ಮ ಮಕ್ಕಳಿಗೆ ಅದನ್ನೇ ಹೇಳುತ್ತೇವಲ್ಲವೇ?

ಈ ಫೋನ್ ಹೋದ ತಿಂಗಳು ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಇಪ್ಪತ್ತೇಳೂ ಸಂದೇಶಗಳನ್ನು ಅದಕ್ಕೂ ಮೊದಲೇ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ. "ಇಟ್ಕೊಳ್ಳಲೇನವ್ವಾ?" ಎಂದು ಕೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. "ಕೇಳೀದೆಲ್ಲಾ, ಇನ್ಯಾಕ? ಈಗ ನಾನs ಇಲ್ಲೇ ಕುಂತೀನಿ, ನನ್ನ ಕೂಡ ಮಾತಾಡು," ಎಂದಳು.

ನಾನು ಇಟ್ಟುಕೊಂಡಿದ್ದೇನೆ. ಆದರೆ ಅವಳ ಮಾತನ್ನೂ ಕೇಳಿದೆ. ಸುಲಿಯಲು ಪಕ್ಕಕ್ಕೆ ಕೂತೆ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಫೋನಿನಲ್ಲಿ ಕೇಳದೆ ಬಿಟ್ಟ ಸಂದೇಶ ಯಾರದಿದೆ ನೋಡಿ. ಹಳೇ ಫೋನ್ ಇರುವವರು ಮುಂದಿನ ಸಭೆಗೆ ತನ್ನಿ, ಸೆಟ್ಟಿಂಗ್ಸ್ ಕೂಡಿಯೇ ನೋಡೋಣ.